ಥ್ರಾಂಬೋಸೈಟೋಪೀನಿಯ ಅಂದರೇನು? ವಿಜ್ಞಾನದ ಉದ್ದುದ್ದ ಪದಗಳನ್ನು ಬಿಡಿಸಿ ಓದುವ ಬಗೆ

ರಕ್ತ ಪರೀಕ್ಷೆಯ ವರದಿ ಈಗ ವೈದ್ಯರು ನೋಡುವ ಮೊದಲೇ ನಮ್ಮ ಮೊಬೈಲಿಗೆ ಬಂದು ಬೀಳುತ್ತದೆ. ತೆರೆದರೆ ಒಂದು ಮೂಲೆಯಲ್ಲಿ ‘ಥ್ರಾಂಬೋಸೈಟೋಪೀನಿಯ’ ಎಂದಿರುತ್ತದೆ. ಓದಲು ನಾಲಿಗೆ ಹೊರಳುವುದಿಲ್ಲ, ಅರ್ಥವಂತೂ ಗೊತ್ತೇ ಇಲ್ಲ. ಏನೋ ದೊಡ್ಡ ಕಾಯಿಲೆ ಇರಬೇಕು ಅನ್ನಿಸಿ ಎದೆ ಧಸಕ್ಕೆನ್ನುತ್ತದೆ. ಹೊಸ ವೈರಸ್ಸಿನ ಸುದ್ದಿ ಬಂದಾಗ, ಹತ್ತಿರದವರಿಗೆ ಆಪರೇಷನ್ ಅಂದಾಗ, ಮಗುವಿನ ಪಾಠದಲ್ಲಿ ‘ಯೂಕ್ಯಾರಿಯೋಟ್’ ಕಂಡಾಗ ಕೂಡ ಇದೇ ಪಾಡು.

ಈ ಪದಗಳನ್ನು ಉರು ಹೊಡೆಯಬೇಕಾಗಿಲ್ಲ. ಎಲ್ಲಿ ಒಡೆಯಬೇಕು ಅಂತ ತಿಳಿದರೆ ಮುಕ್ಕಾಲು ಕೆಲಸ ಮುಗಿಯಿತು. ಹೆಚ್ಚಿನವು ಚಿಕ್ಕ ಚಿಕ್ಕ ತುಂಡುಗಳನ್ನು ಜೋಡಿಸಿ ಮಾಡಿದ ಪದಗಳು, ಅವೇ ತುಂಡುಗಳು ಮತ್ತೆ ಮತ್ತೆ ಬರುತ್ತವೆ. ಕನ್ನಡ ಓದುವವರಿಗಂತೂ ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ: ಆ ತುಂಡುಗಳಲ್ಲಿ ಹಲವಕ್ಕೆ ನಮ್ಮ ಪದಗಳೊಂದಿಗೇ ನೆಂಟಸ್ತಿಕೆ ಇದೆ.

## ಗ್ರೀಕ್, ಲ್ಯಾಟಿನ್ ಯಾಕೆ?

ಯುರೋಪಿನಲ್ಲಿ ಹಲವು ಶತಮಾನಗಳ ಕಾಲ ಓದಿದವರ ಭಾಷೆ ಲ್ಯಾಟಿನ್ ಆಗಿತ್ತು. ನ್ಯೂಟನ್ 1687ರಲ್ಲಿ ಗುರುತ್ವಾಕರ್ಷಣೆಯ ಬಗ್ಗೆ ಬರೆದದ್ದು ಲ್ಯಾಟಿನ್ನಿನಲ್ಲೇ. ವೈದ್ಯಶಾಸ್ತ್ರದ ಹಳೆಯ ಬರಹಗಳು ಗ್ರೀಕಿನಲ್ಲಿದ್ದವು. ಹೊಸ ಸಂಗತಿ ಕಂಡುಹಿಡಿದವರು ಹೆಸರಿಡಲು ಈ ಎರಡು ಭಾಷೆಗಳತ್ತಲೇ ತಿರುಗಿದರು. ಯಾವ ದೇಶದ ಓದುಗನಿಗೂ ಅರ್ಥವಾಗುತ್ತಿತ್ತು. ಬೀದಿಯಲ್ಲಿ ಯಾರೂ ಅವನ್ನು ಆಡುತ್ತಿರಲಿಲ್ಲವಾದ್ದರಿಂದ ಅರ್ಥ ಕಾಲಕ್ಕೆ ತಕ್ಕಂತೆ ಜಾರುವ ಭಯವೂ ಕಡಿಮೆ.

ಎಲ್ಲವೂ ಅಲ್ಲಿಂದಲೇ ಬಂದಿಲ್ಲ. ಆಲ್ಕಲಿ, ಆಲ್ಕೊಹಾಲ್, ಆಲ್ಜೀಬ್ರ ಇವು ಅರಬ್ಬಿಯವು. ಮೊದಲಿನ ‘ಅಲ್’ ಅನ್ನುವುದೇ ಅದರ ಗುರುತು. ಚಿಕೂನ್‌ಗುನ್ಯಾ ಆಫ್ರಿಕಾದ ಮಕೊಂಡೆ ಭಾಷೆಯ ಪದ. ಕೀಲುನೋವಿನಿಂದ ಮೈ ಬಾಗಿಸುವಂಥದ್ದು ಎಂದು ಅರ್ಥ.

ಪದ ಜೋಡಿಸುವುದು ನಮಗೇನೂ ಹೊಸದಲ್ಲ. ‘ಫೋಟೋ’ ಎಂದರೆ ಬೆಳಕು, ‘ಸಿಂಥೆಸಿಸ್’ ಎಂದರೆ ಕೂಡಿಸುವುದು. ದ್ಯುತಿ ಎಂದರೂ ಬೆಳಕೇ, ಸಂಶ್ಲೇಷಣೆ ಎಂದರೂ ಕೂಡಿಸುವುದೇ. ಫೋಟೋಸಿಂಥೆಸಿಸ್ಸಿಗೆ ಶಾಲೆಯ ಪುಸ್ತಕ ದ್ಯುತಿಸಂಶ್ಲೇಷಣೆ ಅಂದಾಗ ಮಾಡಿದ್ದು ಅದೇ ಜೋಡಣೆ.

## ಕೊನೆಯಿಂದ ಓದಿ

ಈ ಪದಗಳನ್ನು ರೈಲಿನ ಡಬ್ಬಿಗಳ ಹಾಗೆ ನೋಡಿ. ಒಂದಕ್ಕೊಂದು ಕೊಂಡಿ ಹಾಕಿ ಎಳೆದಿರುತ್ತಾರೆ. ಆದರೆ ಇಲ್ಲಿ ಇಂಜಿನ್ ಇರುವುದು ಕೊನೆಯಲ್ಲಿ. ಪದ ಯಾವ ಜಾತಿಯದು, ಕಾಯಿಲೆಯೋ, ಆಪರೇಷನ್ನೋ, ಪರೀಕ್ಷೆಯೋ ಅನ್ನುವುದನ್ನು ಕೊನೆಯ ತುಂಡು ಹೇಳುತ್ತದೆ. ಅದಕ್ಕೂ ಮೊದಲಿನ ತುಂಡುಗಳು ದೇಹದ ಯಾವ ಭಾಗ, ಹೇಗೆ, ಎಷ್ಟು ಅನ್ನುವುದನ್ನು ಹೇಳುತ್ತವೆ.

ನಮ್ಮ ವರದಿಯ ಪದವನ್ನೇ ತೆಗೆದುಕೊಳ್ಳೋಣ. ಥ್ರಾಂಬೋ, ಸೈಟೋ, ಪೀನಿಯ. ‘ಪೀನಿಯ’ ಎಂದರೆ ಗ್ರೀಕಿನಲ್ಲಿ ಬಡತನ, ಅಂದರೆ ಕೊರತೆ. ‘ಸೈಟ್’ ಎಂದರೆ ಜೀವಕೋಶ. ‘ಥ್ರಾಂಬೋ’ ಎಂದರೆ ಹೆಪ್ಪು. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳ ಕೊರತೆ! ನಾವು ದಿನವೂ ಕೇಳುವ ಮಾತಿನಲ್ಲಿ ಹೇಳಿದರೆ ಪ್ಲೇಟ್‌ಲೆಟ್ ಕಡಿಮೆಯಾಗಿದೆ, ಅಷ್ಟೇ. ಸಾಮಾನ್ಯವಾಗಿ ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್‌ಲೆಟ್ ಇರುತ್ತವೆ. 1.5 ಲಕ್ಷಕ್ಕಿಂತ ಕೆಳಗಿಳಿದರೆ ಈ ಪದ ಬರೆಯುತ್ತಾರೆ. ಇದು ಒಂದು ಕಾಯಿಲೆಯ ಹೆಸರಲ್ಲ ಅನ್ನುವುದನ್ನು ಗಮನಿಸಿ. ಎಣಿಕೆ ಕಡಿಮೆ ಇದೆ ಅಂತಷ್ಟೇ ಅದು ಹೇಳುತ್ತದೆ. ಡೆಂಗಿಯಿಂದ ಕಡಿಮೆಯಾಯಿತೋ, ಯಾವುದಾದರೂ ಔಷಧದಿಂದಲೋ, ಬೇರೆ ಕಾರಣಕ್ಕೋ ಅನ್ನುವುದನ್ನು ವೈದ್ಯರು ಬೇರೆಯಾಗಿ ಹುಡುಕಬೇಕು.

‘ಪೀನಿಯ’ ಒಮ್ಮೆ ಗೊತ್ತಾದರೆ ಇನ್ನೂ ಮೂರು ಪದ ಪುಕ್ಕಟೆ ಸಿಗುತ್ತವೆ. ಲ್ಯೂಕೋಪೀನಿಯ ಎಂದರೆ ಬಿಳಿ ರಕ್ತಕಣ ಕಡಿಮೆ. ‘ಲ್ಯೂಕೋ’ ಎಂದರೆ ಬಿಳಿ. ಆಸ್ಟಿಯೋಪೀನಿಯ ಎಂದರೆ ಮೂಳೆಯ ಸಾಂದ್ರತೆ ಕಡಿಮೆ. ಸಾರ್ಕೋಪೀನಿಯ ಎಂದರೆ ವಯಸ್ಸಾದಂತೆ ಮಾಂಸಖಂಡ ಕರಗುವುದು.

‘ಐಟಿಸ್’ ಎಲ್ಲಕ್ಕಿಂತ ಜಾಸ್ತಿ ಕಾಣುವ ಬಾಲ. ಅರ್ಥ ಉರಿಯೂತ: ಕೆಂಪಾಗುವುದು, ಊದಿಕೊಳ್ಳುವುದು, ನೋಯುವುದು. ಹೆಪಟೈಟಿಸ್ ಯಕೃತ್ತಿನದು, ಆರ್ಥ್ರೈಟಿಸ್ ಕೀಲಿನದು, ನೆಫ್ರೈಟಿಸ್ ಮೂತ್ರಪಿಂಡದ್ದು, ಗ್ಯಾಸ್ಟ್ರೈಟಿಸ್ ಜಠರದ್ದು, ಮೆನಿಂಜೈಟಿಸ್ ಮೆದುಳಿನ ಹೊದಿಕೆಯದು. ಇದರಿಂದ ಸೋಂಕು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಉರಿಯೂತ ಸೋಂಕಿಲ್ಲದೆಯೂ ಬರುತ್ತದೆ.

ಆಪರೇಷನ್ನಿನ ಹೆಸರುಗಳಲ್ಲಿ ಮೂರು ಬಾಲಗಳನ್ನು ಬೇರೆ ಮಾಡಿ ನೋಡುವುದು ಮುಖ್ಯ. ಕೇಳಲು ಮೂರೂ ಒಂದೇ ಥರ, ಕೆಲಸ ಮಾತ್ರ ಬೇರೆ. ‘ಆಟಮಿ’ ಎಂದರೆ ಕೊಯ್ದು ತೆರೆಯುವುದು. ‘ಎಕ್ಟಮಿ’ ಎಂದರೆ ಕೊಯ್ದು ಹೊರತೆಗೆಯುವುದು. ‘ಆಸ್ಟಮಿ’ ಎಂದರೆ ಹೊರಗೆ ತೆರೆದಿರುವ ಒಂದು ಬಾಯಿ ಮಾಡುವುದು. ಅದರೊಳಗಿನ ‘ಸ್ಟೋಮ’ ಎಂದರೆ ಗ್ರೀಕಿನಲ್ಲಿ ಬಾಯಿಯೇ. ಕೊಲೆಕ್ಟಮಿ ಅಂದರೆ ದೊಡ್ಡ ಕರುಳನ್ನು ತೆಗೆಯುತ್ತಾರೆ, ಕೊಲಾಸ್ಟಮಿ ಅಂದರೆ ಅದೇ ಕರುಳಿಗೆ ಹೊಟ್ಟೆಯ ಮೇಲೆ ಹೊರದಾರಿ ಮಾಡುತ್ತಾರೆ. ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಈ ಒಂದು ಬಾಲವನ್ನು ಸರಿಯಾಗಿ ಓದಿಕೊಂಡರೆ ಏನು ಮಾಡಲು ಹೊರಟಿದ್ದಾರೆ ಅನ್ನುವುದು ಸ್ಪಷ್ಟವಾಗುತ್ತದೆ.

‘ಓಮ’ ಅನ್ನುವ ಬಾಲ ಜನರನ್ನು ತುಂಬಾ ಹೆದರಿಸುತ್ತದೆ. ಕಾರ್ಸಿನೋಮ, ಲಿಂಫೋಮ ಕ್ಯಾನ್ಸರುಗಳೇ ನಿಜ. ಆದರೆ ‘ಓಮ’ದ ಅರ್ಥ ಗಂಟು ಅಥವಾ ಗೆಡ್ಡೆ ಅಂತಷ್ಟೇ. ಲಿಪೋಮ ಎಂದರೆ ಚರ್ಮದ ಕೆಳಗಿನ ಕೊಬ್ಬಿನ ಗಂಟು, ಸಾಮಾನ್ಯವಾಗಿ ನಿರಪಾಯದ್ದು. ಹೆಮಟೋಮ ಎಂದರೆ ಪೆಟ್ಟು ಬಿದ್ದ ಕಡೆ ರಕ್ತ ಒಟ್ಟಾಗಿ ಊದಿಕೊಳ್ಳುವುದು. ಗ್ಲಾಕೋಮ ಕಣ್ಣಿನ ಕಾಯಿಲೆ, ಅದರಲ್ಲಿ ಗೆಡ್ಡೆಯೇ ಇಲ್ಲ. ಬಾಲ ನೋಡಿ ದಾರಿ ಹಿಡಿಯಬಹುದು, ತೀರ್ಪು ಕೊಡಬಾರದು.

## ಮೊದಲ ತುಂಡು ನಮ್ಮ ನೆಂಟ

ಗ್ರೀಕ್, ಲ್ಯಾಟಿನ್, ಸಂಸ್ಕೃತ ಮೂರೂ ಒಂದೇ ಹಳೆಯ ಭಾಷಾ ಕುಟುಂಬದವು. ಕನ್ನಡ ಆ ಕುಟುಂಬದ್ದಲ್ಲ, ಅದು ದ್ರಾವಿಡ. ಆದರೆ ಸಂಸ್ಕೃತದಿಂದ ನಾವು ಎರವಲು ಪಡೆದ ಪದಗಳು ಲೆಕ್ಕವಿಲ್ಲದಷ್ಟು. ಹಾಗಾಗಿ ವಿಜ್ಞಾನದ ಪದಗಳ ಮುಂದಿನ ತುಂಡುಗಳು ಎಲ್ಲೋ ಕೇಳಿದ ಹಾಗೆ ಅನ್ನಿಸುತ್ತವೆ.

ಅಂಕಿಗಳನ್ನು ನೋಡಿ. ತ್ರಿ ಅಲ್ಲೂ ‘ಟ್ರೈ’. ಪಂಚ ಅಲ್ಲಿ ಪೆಂಟಾ, ಸಪ್ತ ಅಲ್ಲಿ ಹೆಪ್ಟಾ, ಅಷ್ಟ ಅಲ್ಲಿ ಆಕ್ಟಾ, ದಶ ಅಲ್ಲಿ ಡೆಕಾ. ‘ಪೆರಿ’ ಎಂದರೆ ಸುತ್ತ, ನಮ್ಮ ಪರಿಸರ, ಪರಿಧಿಯ ‘ಪರಿ’. ಹೃದಯದ ಸುತ್ತಲಿನ ಪೊರೆ ಪೆರಿಕಾರ್ಡಿಯಂ. ‘ಡಿಸ್’ ಎಂದರೆ ಕೆಟ್ಟದ್ದು, ಕಷ್ಟದ್ದು. ಅದು ನಮ್ಮ ದುರ್ಬಲ, ದುರ್ಗಂಧದ ‘ದುರ್’. ಉಸಿರಾಟ ಕಷ್ಟವಾದರೆ ಡಿಸ್ಪ್ನಿಯ. ‘ನಿಯೋ’ ನಮ್ಮ ನವ, ‘ಓಡಾಂಟ್’ ನಮ್ಮ ದಂತ. ಯಕೃತ್ತಿಗೆ ಗ್ರೀಕರು ಹೇಳುತ್ತಿದ್ದ ‘ಹೇಪಾರ್’ ಕೂಡ ‘ಯಕೃತ್’ ಜೊತೆ ಒಂದೇ ಬೇರಿನಿಂದ ಬಂದದ್ದು.

ಇಲ್ಲ ಎನ್ನುವುದಕ್ಕೆ ಬರುವ ತುಂಡು ನನಗೆ ಎಲ್ಲಕ್ಕಿಂತ ಸೋಜಿಗ. ಗ್ರೀಕಿನಲ್ಲಿ ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’. ನಮ್ಮಲ್ಲೂ ಅದೇ ನಿಯಮ: ಅಶುದ್ಧ, ಅಸಾಧ್ಯ, ಆದರೆ ಅನಾರೋಗ್ಯ, ಅನುಚಿತ. ಸೊಳ್ಳೆಗಳ ಹೆಸರಿನಲ್ಲಿ ಇದು ಎರಡೂ ರೂಪದಲ್ಲಿ ಸಿಗುತ್ತದೆ. ಡೆಂಗಿ ಹರಡುವ ಸೊಳ್ಳೆ ‘ಎ-ಈಡೀಸ್’. ‘ಅ’ ಜೊತೆಗೆ ಹಿತ ಎಂಬ ಪದ ಸೇರಿ ಅಹಿತವಾದದ್ದು ಅಂತ ಅರ್ಥ. ಮಲೇರಿಯಾ ಹರಡುವುದು ‘ಅನಾಫಿಲೀಸ್’. ‘ಅನ್’ ಜೊತೆಗೆ ಉಪಯೋಗ ಎಂಬ ಪದ ಸೇರಿ ನಿರುಪಯೋಗಿ. ಎರಡೂ ಹೆಸರು 1818ರಲ್ಲಿ ಜರ್ಮನಿಯ ಕೀಟತಜ್ಞ ಮೈಗೆನ್ ಇಟ್ಟವು. ರೋಗ ಹರಡುವುದರಲ್ಲಿ ಈ ಸೊಳ್ಳೆಗಳ ಪಾತ್ರ ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ.

ಈಗ ಜೀವಕ್ಕೇ ಸಂಬಂಧಪಟ್ಟ ಜೋಡಿ: ‘ಹೈಪರ್’ ಮತ್ತು ‘ಹೈಪೋ’. ಹೈಪರ್ ಎಂದರೆ ಹೆಚ್ಚು, ಹೈಪೋ ಎಂದರೆ ಕಡಿಮೆ. ಫೋನಿನಲ್ಲಿ ಹೇಳಿದರೆ ಎರಡೂ ಒಂದೇ ಥರ ಕೇಳಿಸುತ್ತವೆ, ಅರ್ಥ ಮಾತ್ರ ಪೂರ್ತಿ ಉಲ್ಟಾ. ನೆನಪಿಡಲು ಸಂಸ್ಕೃತ ನೆರವಾಗುತ್ತದೆ. ಹೈಪರ್‌ನ ನೆಂಟ ‘ಉಪರಿ’, ಅಂದರೆ ಮೇಲೆ. ಹೈಪೋನ ನೆಂಟ ‘ಉಪ’, ಉಪನದಿ, ಉಪಪಂಗಡದಲ್ಲಿ ಇರುವ ‘ಉಪ’. ‘ರ’ ಸದ್ದು ಇದ್ದರೆ ಮೇಲೆ, ಇಲ್ಲದಿದ್ದರೆ ಕೆಳಗೆ. ಹೈಪರ್‌ಗ್ಲೈಸೀಮಿಯ ಎಂದರೆ ರಕ್ತದಲ್ಲಿ ಸಕ್ಕರೆ ಜಾಸ್ತಿ, ಹೈಪೋಗ್ಲೈಸೀಮಿಯ ಎಂದರೆ ಕಡಿಮೆ. ಎರಡನೆಯದರಲ್ಲಿ ಕೂಡಲೇ ಸಕ್ಕರೆ ಕೊಡಬೇಕಾಗುತ್ತದೆ. ಅದಲುಬದಲಾದರೆ ಏನಾಗುತ್ತದೆ ಯೋಚಿಸಿ.

ವಯಸ್ಸಾದವರ ವರದಿಯಲ್ಲಿ ಆಗಾಗ ಬರುವ ‘ಹೈಪೋನೇಟ್ರೀಮಿಯ’ವನ್ನು ಈಗ ನೀವೇ ಒಡೆಯಬಹುದು. ಹೈಪೋ, ಕಡಿಮೆ. ‘ನೇಟ್ರ್’ ಬಂದದ್ದು ನೇಟ್ರಿಯಂನಿಂದ, ಅದು ಸೋಡಿಯಂನ ಲ್ಯಾಟಿನ್ ಹೆಸರು. ಸೋಡಿಯಂಗೆ ‘ಎನ್‌ಎ’ ಎಂಬ ಸಂಕೇತ ಬಂದದ್ದೂ ಅಲ್ಲಿಂದಲೇ. ‘ಈಮಿಯ’, ರಕ್ತದಲ್ಲಿ. ಅಂದರೆ ರಕ್ತದಲ್ಲಿ ಸೋಡಿಯಂ ಕಡಿಮೆ. ಹೈಪೋಕಲೀಮಿಯ ಅಂದರೆ ಪೊಟ್ಯಾಸಿಯಂ ಕಡಿಮೆ, ಅದರ ಲ್ಯಾಟಿನ್ ಹೆಸರು ಕಾಲಿಯಂ.

ಎಚ್ಚರವೂ ಬೇಕು. ಒಂದೇ ಥರ ಕಾಣುವ ತುಂಡುಗಳು ಎರಡು ಬೇರೆ ಭಾಷೆಯಿಂದ ಬಂದಿರಬಹುದು. ಪೀಡಿಯಾಟ್ರಿಕ್ಸ್‌ನ ‘ಪೀಡ್’ ಗ್ರೀಕಿನದು, ಅರ್ಥ ಮಗು. ಶತಪದಿಗೆ ಹೇಳುವ ಸೆಂಟಿಪೀಡ್‌ನ ‘ಪೀಡ್’ ಲ್ಯಾಟಿನ್ನಿನದು, ನಮ್ಮ ಪಾದದ ನೆಂಟ. ಹಾಗಾದರೆ ಮೂಳೆ ವೈದ್ಯರ ಆರ್ಥೋಪೀಡಿಕ್ಸ್ ಯಾವುದು? ಪಾದ ಅಂದುಕೊಳ್ಳುವವರೇ ಹೆಚ್ಚು. ಅದು ಮಗು. 1741ರಲ್ಲಿ ಫ್ರಾನ್ಸಿನ ನಿಕೊಲಾ ಆಂದ್ರಿ ಎಂಬ ವೈದ್ಯರು ಮಕ್ಕಳ ಸೊಟ್ಟ ಮೂಳೆಯನ್ನು ನೇರ ಮಾಡುವ ವಿದ್ಯೆಗೆ ಕಟ್ಟಿದ ಹೆಸರು ಅದು.

## ಬರೆದರೂ ಹೇಳದ ಅಕ್ಷರಗಳು

ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಇಂಗ್ಲಿಷ್ ಕಾಗುಣಿತ ಹಾಗಲ್ಲ. ನ್ಯುಮೋನಿಯ, ಸೈಕಾಲಜಿ, ಸೋರಿಯಾಸಿಸ್ ಮೂರೂ ಇಂಗ್ಲಿಷಿನಲ್ಲಿ ‘ಪಿ’ ಅಕ್ಷರದಿಂದ ಶುರುವಾಗುತ್ತವೆ. ರೆಪ್ಪೆ ಜೋತುಬೀಳುವ ತೊಂದರೆಗೆ ಹೇಳುವ ‘ಟೋಸಿಸ್’ ಕೂಡ. ಗ್ರೀಕರು ಆ ‘ಪ್’ ಅನ್ನು ಹೇಳುತ್ತಿದ್ದರು. ಇಂಗ್ಲಿಷಿನವರ ನಾಲಿಗೆಗೆ ಪದದ ಮೊದಲಲ್ಲಿ ‘ಪ್ನ’, ‘ಪ್ಸ’, ‘ಪ್ಟ’ ಒಗ್ಗಲಿಲ್ಲ, ಬಿಟ್ಟರು. ಬರಹದಲ್ಲಿ ಮಾತ್ರ ಉಳಿಯಿತು.

ಅದೇ ಜೋಡಿ ಪದದ ನಡುವೆ ಬಂದರೆ ‘ಪ್’ ಮತ್ತೆ ಜೀವ ಪಡೆಯುತ್ತದೆ. ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆ ‘ಸ್ಲೀಪ್ ಆಪ್ನಿಯ’. ಇಲ್ಲಿ ‘ಪ್’ ಕೇಳಿಸುತ್ತದೆ. ‘ಅ’ ಎಂದರೆ ಇಲ್ಲ, ‘ಪ್ನಿಯ’ ಎಂದರೆ ಉಸಿರು. ಇನ್ನೂ ಒಂದು ಚೆಂದದ ಉದಾಹರಣೆ ಇದೆ. ಹಾರುವ ಹಳೆಯ ಸರೀಸೃಪ ‘ಟೆರೋಡ್ಯಾಕ್ಟಿಲ್’. ಅದರ ಮೊದಲಿಗೆ ಕೇಳದ ಒಂದು ‘ಪಿ’ ಇದೆ, ಏಕೆಂದರೆ ಆ ತುಂಡು ‘ಪ್ಟೆರ್’, ಅಂದರೆ ರೆಕ್ಕೆ. ಹೆಲಿಕಾಪ್ಟರ್‌ನಲ್ಲೂ ಅದೇ ‘ಪ್ಟರ್’ ಇದೆ. ಹೆಲಿಕೋ ಎಂದರೆ ಸುರುಳಿ, ಪ್ಟರ್ ಎಂದರೆ ರೆಕ್ಕೆ, ಒಟ್ಟು ಸುತ್ತುವ ರೆಕ್ಕೆ. ನಾವೆಲ್ಲ ಹೆಲಿ ಮತ್ತು ಕಾಪ್ಟರ್ ಅಂತ ಒಡೆಯುತ್ತೇವೆ, ಸರಿಯಾದ ಜಾಗ ಹೆಲಿಕೋ ಮತ್ತು ಪ್ಟರ್ ನಡುವೆ.

‘ಜಿ’ ಅಕ್ಷರದ್ದೂ ಇದೇ ಕಥೆ. ನಿರಪಾಯದ ಗೆಡ್ಡೆಗೆ ‘ಬಿನೈನ್’ ಅನ್ನುತ್ತಾರೆ. ಬರಹದಲ್ಲಿ ‘ಜಿ’ ಇದೆ, ಬಾಯಲ್ಲಿ ಇಲ್ಲ. ಕ್ಯಾನ್ಸರ್ ಗೆಡ್ಡೆಗೆ ಹೇಳುವ ‘ಮಲಿಗ್ನೆಂಟ್’ನಲ್ಲಿ ‘ಗ್’ ಪೂರ್ತಿ ಕೇಳಿಸುತ್ತದೆ.

‘ಎಕ್ಸ್’ ಪದದ ಮೊದಲಲ್ಲಿ ಬಂದರೆ ‘ಜ಼’ ಆಗುತ್ತದೆ. ಗಿಡದಲ್ಲಿ ನೀರು ಏರುವ ಕೊಳವೆ ಜ಼ೈಲಮ್. 1898ರಲ್ಲಿ ರಾಮ್ಸೆ ಮತ್ತು ಟ್ರಾವರ್ಸ್ ಪತ್ತೆಮಾಡಿದ ಅನಿಲ ಜ಼ೆನಾನ್, ಅರ್ಥ ಅಪರಿಚಿತ.

## ಸಿ-ಎಚ್ ಬಂದರೆ ‘ಚ’ ಯಾಕಲ್ಲ?

ಕ್ರೋಮೋಸೋಮ್, ಕ್ಲೋರಿನ್, ಕಾಲರಾ, ಕ್ರಾನಿಕ್, ಟ್ರೇಕಿಯ, ಇಸ್ಕೀಮಿಯ. ಎಲ್ಲದರಲ್ಲೂ ‘ಸಿ-ಎಚ್’ ಇದೆ, ಎಲ್ಲದರಲ್ಲೂ ಉಚ್ಚಾರ ‘ಕ’. ಯಾಕೆ ಅನ್ನುವುದು ಕನ್ನಡ ಅಕ್ಷರಮಾಲೆ ಬಲ್ಲವರಿಗೆ ಬೇಗ ಹೊಳೆಯುತ್ತದೆ.

ಹಳೆಯ ಗ್ರೀಕಿನಲ್ಲಿ ಮೂರು ಮಹಾಪ್ರಾಣ ಅಕ್ಷರಗಳಿದ್ದವು. ನಮ್ಮ ಖ, ಥ, ಫ ಇದ್ದ ಹಾಗೆಯೇ. ರೋಮನ್ನರಿಗೆ ಅಂಥ ಅಕ್ಷರಗಳಿರಲಿಲ್ಲ. ‘ಖ’ಕ್ಕೆ ‘ಸಿ’ ಬರೆದು ಪಕ್ಕದಲ್ಲಿ ‘ಎಚ್’ ಹಾಕಿದರು, ‘ಥ’ಕ್ಕೆ ‘ಟಿ’ ಜೊತೆ ‘ಎಚ್’, ‘ಫ’ಕ್ಕೆ ‘ಪಿ’ ಜೊತೆ ‘ಎಚ್’. ಉಸಿರು ಸೇರಿಸಿ ಹೇಳಿ ಅನ್ನುವ ಗುರುತು ಆ ‘ಎಚ್’. ಮುಂದೆ ಸದ್ದುಗಳು ಬದಲಾದವು. ಇಂಗ್ಲಿಷಿನಲ್ಲಿ ಮೊದಲನೆಯದು ‘ಕ’ ಆಯಿತು, ಮೂರನೆಯದು ತುಟಿ ಹಲ್ಲು ತಾಗಿಸಿ ಹೇಳುವ ‘ಫ಼’ ಆಯಿತು. ಬರಹ ಎರಡು ಸಾವಿರ ವರ್ಷದ ಹಿಂದಿನದ್ದೇ ಉಳಿಯಿತು.

‘ಪಿ-ಎಚ್’, ‘ಟಿ-ಎಚ್’ ಎರಡೂ ಒಟ್ಟಿಗೆ ಬಂದರೆ ನಾಲಿಗೆ ತೊಡರುತ್ತದೆ. ಕಣ್ಣಿನ ವೈದ್ಯಶಾಸ್ತ್ರ ‘ಆಫ್-ಥಲ್-ಮಾ-ಲ-ಜಿ’. ಗಂಟಲುಮಾರಿ ‘ಡಿಫ್-ಥೀ-ರಿ-ಯ’. ‘ಡಿಪ್ಥೀರಿಯ’ ಅಂದರೂ ನಿಘಂಟುಗಳು ಒಪ್ಪುತ್ತವೆ.

ನಿಯಮ ಗ್ರೀಕ್ ಪದಗಳಿಗೆ ಮಾತ್ರ. ಚಿಕೂನ್‌ಗುನ್ಯಾದ ‘ಚ’ ಚವೇ. ಡೆಂಗಿ ಇಂಗ್ಲಿಷಿಗೆ ಬಂದದ್ದು ಸ್ಪ್ಯಾನಿಷಿನಿಂದ. ಅಲ್ಲಿ ‘ಜಿ’ ಆದಮೇಲೆ ಬರುವ ‘ಯು’ ಬರೀ ‘ಗ’ ಸದ್ದನ್ನು ಕಾಪಾಡಲು ಇರುವುದು, ಅದನ್ನು ಹೇಳಬಾರದು. ಹಾಗಾಗಿ ‘ಡೆಂಗ್ಯೂ’ಗಿಂತ ‘ಡೆಂಗಿ’ ಸರಿ. ವ್ಯಕ್ತಿಯ ಹೆಸರಿನಿಂದ ಬಂದ ಪದವಾದರೆ ಆ ವ್ಯಕ್ತಿಯ ಭಾಷೆಯಂತೆ ಹೇಳಬೇಕು. 1916ರಲ್ಲಿ ಫ್ರೆಂಚ್ ವೈದ್ಯರು ವಿವರಿಸಿದ ನರಗಳ ಕಾಯಿಲೆ ‘ಗಿಯಾನ್-ಬಾರೇ ಸಿಂಡ್ರೋಮ್’. ಬರಹದಲ್ಲಿ ಎರಡು ‘ಎಲ್’ ಕಂಡರೂ ‘ಲ’ ಸದ್ದು ಇಲ್ಲ.

ಇಂಟರ್ನೆಟ್ಟಿನಲ್ಲಿ ಹುಡುಕುವವರಿಗೆ ಒಂದು ಕಿವಿಮಾತು. ಬ್ರಿಟಿಷ್ ಬರಹದಲ್ಲಿ ಅನೀಮಿಯ, ಈಸೋಫೆಗಸ್, ಈಸ್ಟ್ರೋಜೆನ್ ಪದಗಳಲ್ಲಿ ‘ಈ’ ಸದ್ದಿಗೆ ಎರಡು ಅಕ್ಷರ ಬರೆಯುತ್ತಾರೆ. ಅಮೆರಿಕದವರು ಒಂದೇ ಬರೆಯುತ್ತಾರೆ. ವರದಿಯಲ್ಲಿ ಒಂದು ಥರ, ಇಂಟರ್ನೆಟ್ಟಿನಲ್ಲಿ ಇನ್ನೊಂದು ಥರ ಇದ್ದರೆ ಗಾಬರಿ ಬೇಡ, ಎರಡೂ ಒಂದೇ.

## ಬಯೋ ಎಲ್ಲಿ ಬಯಾ ಆಗುತ್ತದೆ?

ಬಯೋಗ್ಯಾಸ್ ಅನ್ನುತ್ತೇವೆ, ಆದರೆ ಬಯಾಲಜಿ. ಥರ್ಮೋಸ್, ಆದರೆ ಥರ್ಮಾಮೀಟರ್. ಎಲೆಕ್ಟ್ರೋಡ್, ಆದರೆ ಎಲೆಕ್ಟ್ರಾಲಿಸಿಸ್. ಒಂದೇ ತುಂಡು ಯಾಕೆ ಹೀಗೆ ಬದಲಾಗುತ್ತದೆ?

ಇಂಗ್ಲಿಷಿನಲ್ಲಿ ಪದದ ಒಂದು ಭಾಗವನ್ನು ಒತ್ತಿ ಹೇಳುತ್ತಾರೆ. ಒತ್ತು ಬಿದ್ದ ಕಡೆ ಸ್ವರ ಪೂರ್ತಿ ಕೇಳಿಸುತ್ತದೆ, ಉಳಿದ ಕಡೆ ಮಂಕಾಗುತ್ತದೆ. ಕನ್ನಡದಲ್ಲಿ ಈ ಪದ್ಧತಿ ಇಲ್ಲ, ಅದಕ್ಕೇ ನಮಗೆ ಗೊಂದಲ. ಒಂದು ಸುಲಭ ಲೆಕ್ಕ ಹೆಚ್ಚಿನ ಕಡೆ ಕೆಲಸ ಮಾಡುತ್ತದೆ. ಲಜಿ, ಗ್ರಫಿ, ಮೆಟ್ರಿ, ಸ್ಕಪಿ, ಲಿಸಿಸ್, ಈಮಿಯ, ಪೀನಿಯ ಎಂದು ಮುಗಿದರೆ ಹಿಂದಿನಿಂದ ಮೂರನೆಯ ಭಾಗಕ್ಕೆ ಒತ್ತು. ಬ-ಯಾ-ಲ-ಜಿ ಯಲ್ಲಿ ‘ಯಾ’. ಎ-ಲೆಕ್-ಟ್ರಾ-ಲಿ-ಸಿಸ್‌ನಲ್ಲಿ ‘ಟ್ರಾ’. ಐಟಿಸ್, ಓಮ, ‘ಇಕ್’ ಎಂದು ಮುಗಿದರೆ ಸಾಮಾನ್ಯವಾಗಿ ಹಿಂದಿನಿಂದ ಎರಡನೆಯದಕ್ಕೆ.

ಇದರ ಪ್ರಕಾರ ಇಂಗ್ಲಿಷ್ ಉಚ್ಚಾರ ‘ಎಂಡಾಸ್ಕಪಿ’. ನಾವು ‘ಎಂಡೋಸ್ಕೋಪಿ’ ಅನ್ನುತ್ತೇವೆ. ಅದು ತಪ್ಪು ಅಂತ ನಾನು ಹೇಳಲಾರೆ. ಪ್ರತಿ ಭಾಷೆಯೂ ಎರವಲು ಪದವನ್ನು ತನ್ನ ನಾಲಿಗೆಗೆ ಒಗ್ಗಿಸಿಕೊಳ್ಳುತ್ತದೆ, ಇಂಗ್ಲಿಷ್ ಗ್ರೀಕಿಗೆ ಮಾಡಿದ್ದೂ ಅದನ್ನೇ. ಎದುರಿನವರಿಗೆ ಯಾವ ಪದ ಅಂತ ಗೊತ್ತಾದರೆ ಸಾಕು. ವೈದ್ಯರ ಮುಂದೆ ಉಚ್ಚಾರ ತಪ್ಪಬಹುದು ಅಂತ ಸಂಕೋಚಪಟ್ಟು ಪ್ರಶ್ನೆಯನ್ನೇ ಕೇಳದೆ ಬರುವುದು ಮಾತ್ರ ಬೇಡ.

## ಎರಡು ಪದದ ಹೆಸರುಗಳು

ಪ್ರತಿ ಜೀವಿಗೂ ಎರಡು ಪದದ ಹೆಸರು ಇಡುವ ಪದ್ಧತಿಯನ್ನು ನೆಲೆಗೊಳಿಸಿದವರು ಸ್ವೀಡನ್ನಿನ ಲಿನೇಯಸ್, ಗಿಡಗಳಿಗೆ 1753ರಲ್ಲಿ, ಪ್ರಾಣಿಗಳಿಗೆ 1758ರಲ್ಲಿ. ಮೊದಲನೆಯದು ಕುಲದ ಹೆಸರು, ಎರಡನೆಯದು ಆ ಕುಲದೊಳಗಿನ ಜಾತಿಯದು. ‘ಇ. ಕೋಲೈ’ ಅಂತ ಕೇಳಿರುತ್ತೀರಿ ಅಲ್ವಾ? ಪೂರ್ತಿ ಹೆಸರು ‘ಎಶೆರಿಕಿಯ ಕೋಲೈ’. ಅದನ್ನು 1885ರಲ್ಲಿ ವಿವರಿಸಿದ ಮಕ್ಕಳ ವೈದ್ಯ ಥಿಯೊಡೋರ್ ಎಶೆರಿಶ್ ಅವರಿಂದ ಮೊದಲ ಪದ ಬಂತು. ‘ಕೋಲೈ’ ಎಂದರೆ ದೊಡ್ಡ ಕರುಳಿನದು. ಸಾಲ್ಮೊನೆಲ್ಲಕ್ಕೂ ಸಾಲ್ಮನ್ ಮೀನಿಗೂ ಸಂಬಂಧವಿಲ್ಲ. ಅದು ಅಮೆರಿಕದ ಪಶುವೈದ್ಯ ಡೇನಿಯಲ್ ಸಾಲ್ಮನ್ ಅವರ ಹೆಸರು. ಸ್ಟಾಫಿಲೋಕಾಕಸ್ ಮಾತ್ರ ರೂಪದಿಂದ ಬಂದದ್ದು: ‘ಸ್ಟಾಫಿಲೆ’ ಎಂದರೆ ದ್ರಾಕ್ಷಿ ಗೊಂಚಲು, ‘ಕಾಕಸ್’ ಎಂದರೆ ಕಾಳು. ಸೂಕ್ಷ್ಮದರ್ಶಕದಲ್ಲಿ ಹಾಗೆಯೇ ಕಾಣುತ್ತದೆ.

## ಮಾತ್ರೆಯ ಹೆಸರಿನ ಬಾಲ

ಮಾತ್ರೆಯ ಪಟ್ಟಿಯ ಮೇಲೆ ಎರಡು ಹೆಸರು ಇರುತ್ತವೆ. ದೊಡ್ಡದಾಗಿ ಬ್ರ್ಯಾಂಡ್, ಸಣ್ಣಕ್ಷರದಲ್ಲಿ ಔಷಧದ ಸಾಮಾನ್ಯ ಹೆಸರು. ಎರಡನೆಯದೇ ಮುಖ್ಯ. ಇಂಥ ಹೆಸರುಗಳಿಗೆ ಜಗತ್ತಿನಾದ್ಯಂತ ಒಂದೇ ರೂಪ ಕೊಡುವ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆ ಮಾಡುತ್ತದೆ. ಮೊದಲ ಪಟ್ಟಿ 1953ರಲ್ಲಿ ಬಂತು. ಒಂದೇ ಗುಂಪಿನ ಔಷಧಗಳಿಗೆ ಒಂದೇ ಬಾಲ ಇಡುತ್ತಾರೆ.

ಅಟೆನೊಲಾಲ್, ಮೆಟೊಪ್ರೊಲಾಲ್: ‘ಒಲಾಲ್’ ಇದ್ದರೆ ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್. ಟೆಲ್ಮಿಸಾರ್ಟನ್, ಲೋಸಾರ್ಟನ್: ‘ಸಾರ್ಟನ್’ ಇದ್ದರೆ ಒಂದು ಬಗೆಯ ಬಿ.ಪಿ. ಮಾತ್ರೆ. 
ಒಮೆಪ್ರಜ಼ೋಲ್, ಪ್ಯಾಂಟೊಪ್ರಜ಼ೋಲ್: ‘ಪ್ರಜ಼ೋಲ್’ ಇದ್ದರೆ ಸಾಮಾನ್ಯವಾಗಿ ಜಠರದ ಆಮ್ಲ ಕಡಿಮೆ ಮಾಡುವುದು. ‘ವಿರ್’ ಇದ್ದರೆ ವೈರಸ್ ವಿರುದ್ಧ. ‘ಮ್ಯಾಬ್’ ಇದ್ದರೆ ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರತಿಕಾಯ. ಅಟೋರ್ವಸ್ಟ್ಯಾಟಿನ್, ರೋಸುವಸ್ಟ್ಯಾಟಿನ್ ಕೊಲೆಸ್ಟರಾಲಿಗೆ. ಆದರೆ ನಿಸ್ಟ್ಯಾಟಿನ್ ಶಿಲೀಂಧ್ರದ ಸೋಂಕಿಗೆ ಕೊಡುವ ಔಷಧ, ಅದರ ಹೆಸರು ಬಂದದ್ದು ನ್ಯೂಯಾರ್ಕ್ ಸ್ಟೇಟ್‌ನಿಂದ. ಹಾಗಾಗಿ ಬಾಲ ನೋಡಿ ನೀವೇ ಮಾತ್ರೆ ಬದಲಿಸಬೇಡಿ. ಒಂದೇ ಗುಂಪಿನ ಎರಡು ಮಾತ್ರೆ ಅಕಸ್ಮಾತ್ ಒಟ್ಟಿಗೆ ಬಂದಿದೆಯೇ ಅಂತ ಗಮನಿಸಿ ಕೇಳಲು ಇದು ಉಪಯೋಗಕ್ಕೆ ಬರುತ್ತದೆ.

ಹೆಸರುಗಳು ತೀರಾ ಹತ್ತಿರವಾದರೂ ಅಪಾಯ. ಹೈಡ್ರಾಕ್ಸಿಜ಼ೀನ್ ತುರಿಕೆಗೆ, ಹೈಡ್ರಾಲಜ಼ೀನ್ ಬಿ.ಪಿ.ಗೆ. ಅಮೆರಿಕದಲ್ಲಿ ಖಿನ್ನತೆಯ ಔಷಧ ಬ್ರಿಂಟೆಲಿಕ್ಸ್ ಮತ್ತು ರಕ್ತ ಹೆಪ್ಪುಗಟ್ಟದಂತೆ ಕೊಡುವ ಬ್ರಿಲಿಂಟ ನಡುವೆ ಗೊಂದಲವಾಗಿ, 2016ರಲ್ಲಿ ಮೊದಲನೆಯದರ ಹೆಸರನ್ನೇ ಟ್ರಿಂಟೆಲಿಕ್ಸ್ ಎಂದು ಬದಲಿಸಬೇಕಾಯಿತು.

## ಹೆಸರು ಹೇಳಿದ್ದೆಲ್ಲ ನಿಜವಲ್ಲ

ಪದ ಒಡೆದಾಗ ಸಿಗುವುದು ಹೆಸರಿಟ್ಟವರ ನಂಬಿಕೆ. ಅದು ಮುಂದೆ ತಪ್ಪಾಗಿರಬಹುದು. ಮಲೇರಿಯಾ ಎಂದರೆ ಇಟಾಲಿಯನ್ನಿನಲ್ಲಿ ಕೆಟ್ಟ ಗಾಳಿ. ರೋಗ ಜೌಗು ನೆಲದ ಗಾಳಿಯಿಂದ ಬರುತ್ತದೆ ಅಂದುಕೊಂಡಿದ್ದರು. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಆ ಪರಾವಲಂಬಿಯನ್ನು ಕಂಡರು. ಹೆಸರು ಮಾತ್ರ ಗಾಳಿಯದ್ದೇ ಉಳಿಯಿತು.

ಆಕ್ಸಿಜನ್ ಕೂಡ ಹಾಗೆಯೇ. ‘ಆಕ್ಸಿ’ ಎಂದರೆ ಹುಳಿ, ‘ಜನ್’ ಎಂದರೆ ಹುಟ್ಟಿಸುವುದು. ಆಮ್ಲಗಳೆಲ್ಲ ಇದರಿಂದಲೇ ಹುಟ್ಟುತ್ತವೆ ಎಂದು ಹೆಸರಿಟ್ಟ ಫ್ರೆಂಚ್ ರಸಾಯನ ವಿಜ್ಞಾನಿ ಲವಾಸಿಯೇ ನಂಬಿದ್ದರು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಕನ್ನಡದ ಆಮ್ಲಜನಕ ಆ ಹೆಸರಿನ ನೇರ ರೂಪ, ಹೈಡ್ರೋಜನ್ನಿನ ಜಲಜನಕವೂ ಅಷ್ಟೇ. ಆ ‘ಜನ್’ ಮತ್ತು ನಮ್ಮ ‘ಜನಕ’ ಒಂದೇ ಬೇರಿನವು.

ವರದಿಗಳಲ್ಲಿ ತಪ್ಪು ತಿಳಿಯುವ ಇನ್ನೂ ಕೆಲವು ಪದಗಳಿವೆ. ‘ಅಕ್ಯೂಟ್’ ಅಂದರೆ ಗಂಭೀರ ಅಂತ ಅನೇಕರು ಓದುತ್ತಾರೆ. ಅದರ ಅರ್ಥ ತಟ್ಟನೆ ಶುರುವಾದದ್ದು. ‘ಕ್ರಾನಿಕ್’ ಎಂದರೆ ಬಹುಕಾಲದಿಂದ ಇರುವುದು. ಗ್ರೀಕಿನ ‘ಕ್ರೋನೋಸ್’, ಕಾಲ. ಎರಡೂ ಸಮಯದ ಮಾತು, ತೀವ್ರತೆಯದ್ದಲ್ಲ. ‘ಇಡಿಯೋಪ್ಯಾಥಿಕ್’ ಅಂದರೆ ಕಾರಣ ತಿಳಿದಿಲ್ಲ. ‘ಐಯಾಟ್ರೋಜೆನಿಕ್’ ಅಂದರೆ ಚಿಕಿತ್ಸೆಯಿಂದಲೇ ಬಂದದ್ದು.

## 45 ಅಕ್ಷರದ ಪದ

ಕೊನೆಗೆ ಒಂದು ದೊಡ್ಡ ಪದ ಒಡೆಯೋಣ. ಇಂಗ್ಲಿಷ್ ನಿಘಂಟುಗಳಲ್ಲಿ 45 ಅಕ್ಷರದ ಒಂದು ಕಾಯಿಲೆಯ ಹೆಸರಿದೆ: ನ್ಯುಮೋನೋಅಲ್ಟ್ರಾಮೈಕ್ರೋಸ್ಕೋಪಿಕ್‌ಸಿಲಿಕೋವಾಲ್ಕೇನೋಕೋನಿಯೋಸಿಸ್. ಕೊನೆಯಿಂದ ಶುರು ಮಾಡಿ. ‘ಓಸಿಸ್’, ಕಾಯಿಲೆಯ ಸ್ಥಿತಿ. ‘ಕೋನಿ’, ಧೂಳು. ‘ವಾಲ್ಕೇನೋ’, ಜ್ವಾಲಾಮುಖಿ. ‘ಸಿಲಿಕೋ’, ಸಿಲಿಕಾ ಎಂಬ ಮರಳಿನ ಅಂಶ. ‘ಅಲ್ಟ್ರಾಮೈಕ್ರೋಸ್ಕೋಪಿಕ್’, ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಸಣ್ಣ. ‘ನ್ಯುಮೋನೋ’, ಶ್ವಾಸಕೋಶ; ಬರಹದಲ್ಲಿ ಮೊದಲಿನ ‘ಪಿ’ ಇದೆ, ಹೇಳುವುದಿಲ್ಲ. ಜ್ವಾಲಾಮುಖಿಯ ಅತಿ ಸಣ್ಣ ಸಿಲಿಕಾ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ.

ಇದನ್ನು 1935ರಲ್ಲಿ ಅಮೆರಿಕದ ಒಗಟು ಪ್ರಿಯರ ಸಂಘದ ಅಧ್ಯಕ್ಷರಾಗಿದ್ದ ಎವರೆಟ್ ಸ್ಮಿತ್ ಉದ್ದನೆಯ ಪದ ಬೇಕೆಂದೇ ಕಟ್ಟಿದರು. ವೈದ್ಯರು ಯಾರೂ ಇದನ್ನು ಬರೆಯುವುದಿಲ್ಲ. ಕಲ್ಲು ಕೊರೆಯುವ, ಗಣಿಯಲ್ಲಿ ದುಡಿಯುವ ಕಾರ್ಮಿಕರಿಗೆ ಸಿಲಿಕಾ ಧೂಳಿನಿಂದ ಬರುವ ಆ ಕಾಯಿಲೆಗೆ ಅವರು ಬರೆಯುವ ಹೆಸರು ಸಿಲಿಕೋಸಿಸ್.